ಚಂದ್ರಮೌಳಿಯವರ ಕೆಂಪು ಗೆರೆ

ಟೋಕಿಯೋದ ಕೋಟೋ ಬಡಾವಣೆಯಲ್ಲಿ ಹದಿನೇಳನೇ ಮಹಡಿಯಲ್ಲಿರುವ ಚಂದ್ರಮೌಳಿಯವರಿಗೆ ಹಾಲಿನ ಬಿಳುಪಿನ ಮೇಲೂ ಅನುಮಾನ. ಕೊಂಬಿನಿ ಎಂಬ ಬೀದಿಬದಿಯ ಅಂಗಡಿಯಲ್ಲಿ ಮೊಸರು ಕೊಂಡರೆ ಡಬ್ಬಿಯ ಮೇಲಿನ ತಾರೀಕನ್ನು ಬೆರಳಿನಿಂದ ಉಜ್ಜಿ ನೋಡುತ್ತಾರೆ, ಲಿಫ್ಟಿನಲ್ಲಿ ಯಾರಾದರೂ ನಕ್ಕರೆ ಮನೆಗೆ ಬಂದು, "ಆ ಮನುಷ್ಯ ಯಾಕೆ ನಕ್ಕ, ಹೇಳು?" ಎಂದು ಹೆಂಡತಿ ಅಹಲ್ಯಾರನ್ನು ಕೇಳುತ್ತಾರೆ. ಈಚೆಗೆ ಹವಾಮಾನ ವಿಜ್ಞಾನಿಗಳ ಖಾಸಗಿ ಮೇಲ್‌ಗಳು ಬಯಲಾದ ಮೇಲಂತೂ ಅವರಿಗೆ ಹಬ್ಬ. ಪುಟಕ್ಕೊಂದೇ ಸಾಲು ಓದಿ, ಅದಕ್ಕೆ ಕೆಂಪು ಗೆರೆ ಎಳೆದು, ಮೇಲಿನದನ್ನೂ ಕೆಳಗಿನದನ್ನೂ ಕತ್ತರಿಸಿ, ಕನ್ನಡ ಬಳಗದ ವಾಟ್ಸಾಪ್ ಗುಂಪಿಗೆ ಹಾಕುತ್ತಾರೆ. ಮೊನ್ನೆ ಸಿಕ್ಕಿದ್ದು ಒಗಾತಾ-ಸಾನ್ ಎಂಬ ವಿಜ್ಞಾನಿಯ ಸಾಲು: 'ಗ್ರಾಫ್ ವಿಷಯದಲ್ಲಿ ತಮಗೆ ತೊಂದರೆ ಕೊಟ್ಟೆ, ದಯವಿಟ್ಟು ಕ್ಷಮಿಸಿ.' "ನೋಡ್ದ್ಯಾ, ಒಪ್ಕೊಂಡ್ಬಿಟ್ಟ! ಭೂಮಿ ಬಿಸಿ ಆಗ್ತಿದೆ ಅನ್ನೋದೆಲ್ಲ ಬರೀ ಸೆಟಪ್ಪು," ಎಂದು ಕುಣಿದರು. "ನೀವು ಕತ್ತರಿಸಿದ ಮುಂದಿನ ಸಾಲಲ್ಲೇ ಗ್ರಾಫ್ ಕಳಿಸೋದು ಲೇಟಾಯ್ತು ಅಂತ ಇದೆಯಲ್ರೀ. ಈ ಊರಲ್ಲಿ ಸುಮಿಮಾಸೆನ್ ಅಂತ ಕ್ಷಮೆ ಕೇಳದೆ ಯಾರು ಪತ್ರ ಶುರು ಮಾಡ್ತಾರೆ?" ಎಂದ ಅಹಲ್ಯಾ, ಮಗಳು ಹರ್ಷಿಣಿಯ ಟೀಚರಿಗೆ ಮನೆಯಿಂದ ಒಕ್ಕಣೆ ಬರೆದು ಕಳಿಸುತ್ತಿದ್ದ ಹೋದ ವರ್ಷದ ನೋಟ್ ಪುಸ್ತಕವನ್ನು ತಂದು ಮುಂದಿಟ್ಟರು. 'ಸುಮಿಮಾಸೆನ್, ಮಗಳಿಗೆ ಜ್ವರ.' 'ಸುಮಿಮಾಸೆನ್, ಟೋಪಿ ಮರೆತಿದ್ದಾಳೆ.' ಎಲ್ಲವೂ ಚಂದ್ರಮೌಳಿಯವರದೇ ಕೈಬರಹ. ಒಂದೊಂದು ಸುಮಿಮಾಸೆನ್ ಕೆಳಗೂ ಅಹಲ್ಯಾ ಮೊದಲೇ ಎಳೆದಿಟ್ಟಿದ್ದ ಕೆಂಪು ಗೆರೆ. "ಒಂದೇ ವರ್ಷದಲ್ಲಿ ನಲವತ್ತೊಂದು ಸಲ ತಪ್ಪೊಪ್ಕೊಂಡಿದ್ದೀರಿ. ಏನ್ ಮಾಡಿದ್ರಿ, ಹೇಳಿ?" ಚಂದ್ರಮೌಳಿಯವರು ಪುಸ್ತಕ ಮುಚ್ಚಿದರು, ಬಾಗಿಲಿನತ್ತ ನೋಡಿದರು, ದನಿ ತಗ್ಗಿಸಿ ಕೇಳಿದರು: "ಇದನ್ನ ಯಾರಿಗೂ ತೋರಿಸಿಲ್ಲ ತಾನೇ?"