ಕೇಳಿಸ್ತಾ ಇದೆಯಾ ಸಾರ್

ಪಂಪು ತಯಾರಿಸುವ ಆ ಕಂಪನಿಯಲ್ಲಿ ಅವನ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಉಳಿದವರಿಗೆಲ್ಲ ಅವನು 'ಕೇಳಿಸ್ತಾ'. ಹನ್ನೊಂದು ವರ್ಷಗಳಿಂದ ಅವನ ಕೆಲಸವೇ ಹಾಗೆ. ಯಾವ ವಿಡಿಯೋ ಮೀಟಿಂಗ್ ಇದ್ದರೂ ಹದಿನೈದು ನಿಮಿಷ ಮುಂಚೆ ತೆರೆಯಬೇಕು, ಬಂದವರನ್ನು ಒಬ್ಬೊಬ್ಬರಾಗಿ ಒಳಗೆ ಬಿಟ್ಟುಕೊಳ್ಳಬೇಕು, "ಕೇಳಿಸ್ತಾ ಇದೆಯಾ ಸಾರ್?" ಎಂದು ವಿಚಾರಿಸಬೇಕು. ಕೇಳಿಸುತ್ತಿದೆ ಎಂದು ಅವರು ಅಂದ ಕೂಡಲೇ ಮೈಕು, ಕ್ಯಾಮೆರಾ ಎರಡನ್ನೂ ಆರಿಸಿ, ಬಾಯಿಗೆ ಬೀಗ ಹಾಕಿಕೊಂಡು ಕೂರಬೇಕು. ಕುಣಿಯಲಾರದವರು ನೆಲ ಡೊಂಕು ಎಂದಂತೆ, ಮೈಕು ಒತ್ತಲು ಮರೆತ ದೊಡ್ಡ ಮನುಷ್ಯರು ಅವನನ್ನೇ ಬೈಯುತ್ತಿದ್ದರು. ಅವನ ಹತ್ತಿರ ಯಾರಾದರೂ ಮಾತಾಡುತ್ತಿದ್ದರೆ ಅದೊಂದೇ ಸಂದರ್ಭದಲ್ಲಿ.

ಮೀಟಿಂಗ್ ಮುಗಿದ ಮೇಲೂ ಎಲ್ಲರೂ ಹೋಗುವ ತನಕ ಅವನು ಹೋಗುವಂತಿಲ್ಲ. ತೆರೆಯ ಮೇಲಿನ ಚೌಕಗಳು ಒಂದೊಂದಾಗಿ ಮಾಯವಾಗಿ, ಕೊನೆಗೆ ಅವನ ಹೆಸರಿನ ಮೊದಲ ಅಕ್ಷರವಿದ್ದ ಬೂದು ಚೌಕವೊಂದೇ ತೆರೆಯ ತುಂಬ ಹರಡಿಕೊಳ್ಳುತ್ತಿತ್ತು. ಅದನ್ನು ನೋಡಲು ಅವನಿಗೆ ಹಿಡಿಸುತ್ತಿರಲಿಲ್ಲ. ಮನೆಗೆ ಹೋದರೆ ಅಲ್ಲಿಯೂ ಒಂದು ಕುರ್ಚಿ, ಒಂದು ಲೋಟ, ಗೋಡೆಯಾಚೆಯವರ ಟಿವಿ ಸದ್ದು. ವಯಸ್ಸು ಐವತ್ತಮೂರು. ಯಾಕೆ ಮದುವೆಯಾಗಲಿಲ್ಲ ಎಂದು ಕೇಳುವವರು ಕೂಡ ಕೇಳುವುದನ್ನು ಬಿಟ್ಟಿದ್ದರು.

ಒಂದು ದಿನ ಆಡಳಿತ ವಿಭಾಗದ ಮೇಡಂ ಅವನನ್ನು ಕರೆದರು. ಹಳೆಯ ಸಾಫ್ಟ್‌ವೇರಿನ ಕರಾರು ಮುಗಿಯುತ್ತಿತ್ತು. ಹೊಸದಾಗಿ ಮೂರನ್ನು ಬಳಸಿ ನೋಡಿ, ಯಾವುದು ಮೇಲು ಎಂದು ಎರಡು ವಾರದಲ್ಲಿ ವರದಿ ಕೊಡಬೇಕು ಎಂದರು. ಪರೀಕ್ಷೆಗೆ ಇನ್ನೊಂದು ತುದಿಯಲ್ಲಿ ಬೇರೆ ಊರಿನವರೊಬ್ಬರು ಬೇಕು, ಅವರಿಗೆ ಕಂಪ್ಯೂಟರ್ ಜ್ಞಾನ ಅಷ್ಟಕ್ಕಷ್ಟೇ ಇದ್ದರೆ ಇನ್ನೂ ಒಳ್ಳೆಯದು, ಅಂಥ ಯಾರಾದರೂ ಇದ್ದಾರೆಯೇ ಎಂದು ಕೇಳಿದರು. ಇದ್ದಾರೆ ಎಂದುಬಿಟ್ಟ. ಮೇಜಿಗೆ ಬಂದು ಫೋನಿನಲ್ಲಿದ್ದ ಹೆಸರುಗಳನ್ನು ಮೇಲಿನಿಂದ ಕೆಳಗೆ ನೋಡಿದ. ಗ್ಯಾಸಿನವನು, ಹಲ್ಲಿನ ಡಾಕ್ಟರು, ಮನೆ ಮಾಲೀಕರು, ಅಕ್ಕ.

ಅಕ್ಕ ರೈಲಿನಲ್ಲಿ ಆರು ಗಂಟೆ ದೂರದ ಊರಿನಲ್ಲಿ, ಬಟ್ಟೆ ಹೊಲಿದುಕೊಂಡು ಇದ್ದಳು. ಭಾವ ತೀರಿ ನಾಲ್ಕು ವರ್ಷವಾಗಿತ್ತು. ಅಕ್ಕತಮ್ಮನಿಗೆ ಜಗಳವೇನೂ ಇರಲಿಲ್ಲ, ಮಾತಿಗೆ ನೆಪ ಇರಲಿಲ್ಲ, ಅಷ್ಟೆ. ಎರಡು ತಿಂಗಳಿಗೋ ಮೂರು ತಿಂಗಳಿಗೋ ಒಮ್ಮೆ ಫೋನು ಮಾಡಿ, ಚೆನ್ನಾಗಿದ್ದೀಯಾ ಎಂದರೆ ಚೆನ್ನಾಗಿದ್ದೀನಿ ಎಂದು ಹೇಳಿಕೊಂಡ ಮೇಲೆ, ಸರಿ ಇಡ್ಲಾ ಎಂದು ಮುಗಿಸಿಬಿಡುತ್ತಿದ್ದರು.

ಈಗ ನೆಪ ಸಿಕ್ಕಿತು. ದಿನ ಬಿಟ್ಟು ದಿನ ಸಂಜೆ ನಾಲ್ಕಕ್ಕೆ ಪರೀಕ್ಷೆ. ಅಕ್ಕ ಒಂದರಿಂದ ಹತ್ತು ಎಣಿಸಬೇಕು, ಕಿಟಕಿಯ ಹತ್ತಿರ ಹೋಗಿ ಮಾತಾಡಬೇಕು, ಅಡುಗೆಮನೆಗೆ ಹೋಗಿ ಮಾತಾಡಬೇಕು. ಎರಡನೆಯ ದಿನಕ್ಕೇ ಅವಳು ಮೂರು ಸಾಫ್ಟ್‌ವೇರಿಗೂ ಹೆಸರಿಟ್ಟಳು: ದೊಡ್ಡ ಸೊಸೆ, ನಡು ಸೊಸೆ, ಚಿಕ್ಕ ಸೊಸೆ. ದೊಡ್ಡವಳು ಬಾಗಿಲಲ್ಲೇ ನಿಲ್ಲಿಸಿ, ಪಾಸ್‌ವರ್ಡು, ಇಮೇಲು, ಹುಟ್ಟಿದ ತಾರೀಕು ಎಂದು ಜಾತಕವನ್ನೇ ಕೇಳುತ್ತಾಳಂತೆ. ಚಿಕ್ಕವಳು ನಗುನಗುತ್ತ ಒಳಗೆ ಕರೆದು, ಅರ್ಧ ಗಂಟೆಯಾಗುತ್ತಲೇ ಕತ್ತು ಹಿಡಿದು ಆಚೆ ನೂಕುತ್ತಾಳಂತೆ. ನಡುವಿನವಳು ಗಟ್ಟಿಗಿತ್ತಿ, ಆದರೆ ಮನೆಯಲ್ಲಿ ಒಂದು ಸದ್ದಾದರೂ ಸಹಿಸಳು.

ಈ ಕೊನೆಯ ಮಾತು ನಿಜವೆಂದು ಅವನು ಕಣ್ಣಾರೆ ಕಂಡ. ಅಕ್ಕ ಹೊಲಿಯುತ್ತಲೇ ಮಾತಾಡುತ್ತಿದ್ದಳು. ಯಂತ್ರದ ಚಕ್ರ ತಿರುಗುತ್ತಿತ್ತು, ಸದ್ದು ಮಾತ್ರ ಇಲ್ಲ. ನಡು ಸೊಸೆ ಅದನ್ನು ಅಳಿಸಿಹಾಕಿದ್ದಳು. ಅದು ಅಮ್ಮನ ಯಂತ್ರ. ಚಿಕ್ಕಂದಿನಲ್ಲಿ ಅದರ ಕಟಕಟ ಕೇಳುತ್ತಲೇ ಅವನಿಗೆ ನಿದ್ದೆ ಬರುತ್ತಿತ್ತು. ಚಿಕ್ಕ ಸೊಸೆಯನ್ನು ತೆರೆದ ದಿನ ಅದೇ ಕಟಕಟ ಮಾತಿಗೆ ಅಡ್ಡ ಬರುವಷ್ಟು ಜೋರಾಗಿ ಕೇಳಿಸಿ ಅವನ ಕಣ್ಣು ತುಂಬಿತು. ಟಿಪ್ಪಣಿಯಲ್ಲಿ 'ಹಿನ್ನೆಲೆ ಸದ್ದು ಹೆಚ್ಚು' ಎಂದಷ್ಟೇ ಬರೆದುಕೊಂಡ.

ಪರೀಕ್ಷೆಗಾಗಿ ಅವನೂ ಕ್ಯಾಮೆರಾ ಹಾಕಲೇಬೇಕಿತ್ತು. ಅಕ್ಕ ಕನ್ನಡಕ ಏರಿಸಿ ನೋಡಿದಳು.

"ಕಿವಿ ಮೇಲೆ ಕೂದಲು ಎಷ್ಟು ಬೆಳೆದಿದೆ ನೋಡೋ. ಹೇಳೋರು ಕೇಳೋರು ಯಾರೂ ಇಲ್ವಾ ನಿಂಗೆ?"

ಇಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಚಿತ್ರ ಸ್ಪಷ್ಟವಾಗಿ ಬರುತ್ತಿದೆಯೇ ಎಂದು ಅವನು ಕೇಳಿದ. ಕೂದಲು ಕಂಡ ಮೇಲೆ ಇನ್ನೇನು ಕಾಣಬೇಕು ಎಂದಳು ಅಕ್ಕ.

ಹತ್ತು ದಿನಕ್ಕೆ ವರದಿಗೆ ಬೇಕಾದದ್ದೆಲ್ಲ ಸಿಕ್ಕಿತ್ತು. ಆದರೆ ವರದಿ ಕೊಟ್ಟರೆ ನಾಲ್ಕು ಗಂಟೆಯ ಪರೀಕ್ಷೆಯೂ ಮುಗಿಯಿತಲ್ಲ ಎಂದು ಅವನ ಕೈ ಓಡಲಿಲ್ಲ. ಮಂದ ಬೆಳಕಿನಲ್ಲಿ ನೋಡಬೇಕು, ಫ್ಯಾನಿನ ಕೆಳಗೆ ನೋಡಬೇಕು ಎಂದು ಮೇಡಂ ಹತ್ತಿರ ಒಂದು ವಾರ ಹೆಚ್ಚಿಗೆ ಕೇಳಿದ. ಕೊಟ್ಟರು. ಆ ವಾರ ಅಕ್ಕನೂ ತನ್ನ ಕಡೆಯಿಂದ ಒಂದು ತಕರಾರು ತೆಗೆದಳು. "ಮಳೆ ಬಂದಾಗ ಹೇಗೆ ಬರುತ್ತೋ ಏನೋ, ಅದನ್ನೂ ನೋಡ್ಬೇಡ್ವಾ?" ಅವಳ ಬೆನ್ನ ಹಿಂದಿನ ಕಿಟಕಿಯಲ್ಲಿ ಬಿಸಿಲು ರಾಚುತ್ತಿತ್ತು. ನೋಡಲೇಬೇಕು ಎಂದ ಅವನು. ಮೇಡಂ ಮಾತ್ರ ಎರಡನೆಯ ಸಲ ಒಪ್ಪಲಿಲ್ಲ. ಶುಕ್ರವಾರ ವರದಿ ಮೇಜಿನ ಮೇಲಿರಬೇಕು ಎಂದರು.

ಗುರುವಾರ ಕೊನೆಯ ಪರೀಕ್ಷೆ.

"ಮುಗೀತು ಅಕ್ಕಾ. ನಾಳೆ ಬರೆದು ಕೊಡ್ಬೇಕು."

"ಯಾವ ಸೊಸೆ ಗೆದ್ಲು?"

"ನಡುವಿನವಳು."

"ಸರಿ ಬಿಡು. ಆಫೀಸಿಗೆ ಸದ್ದು ಯಾಕೆ ಬೇಕು?"

ಆಮೇಲೆ ಇಬ್ಬರೂ ಹೊರಡುವ ಗುಂಡಿ ಒತ್ತಲಿಲ್ಲ. ಅಕ್ಕ ಸೂಜಿಗೆ ದಾರ ಪೋಣಿಸುತ್ತ ಕೂತಳು, ಅವನು ಅದನ್ನು ನೋಡುತ್ತ ಕೂತ. ಅಂದು ತೆರೆದದ್ದು ಚಿಕ್ಕ ಸೊಸೆಯನ್ನು. ಅರ್ಧ ಗಂಟೆಯಾಗುತ್ತಲೇ ಅವಳು ಇಬ್ಬರನ್ನೂ ಆಚೆ ನೂಕಿದಳು.

ವರದಿಯಲ್ಲಿ ಅವನು ಸುಳ್ಳು ಬರೆಯಲಿಲ್ಲ. ಹಿನ್ನೆಲೆ ಸದ್ದನ್ನು ಪೂರ್ತಿ ಅಳಿಸುವುದರಿಂದ ವ್ಯವಹಾರದ ಮೀಟಿಂಗಿಗೆ ಎರಡನೆಯದೇ ಸೂಕ್ತ ಎಂದು ಬರೆದ. ಮೇಡಂ ಚೆನ್ನಾಗಿದೆ ಎಂದರು. ಶನಿವಾರ ಅವನು ಸಲೂನಿಗೆ ಹೋಗಿ ಕೂದಲು ಕತ್ತರಿಸಿಕೊಂಡು ಬಂದ. ಸೋಮವಾರ ನಡು ಸೊಸೆಯ ಮೊದಲ ಮೀಟಿಂಗ್. ಇಪ್ಪತ್ತೆರಡು ಜನರನ್ನು ಒಳಗೆ ಬಿಟ್ಟುಕೊಂಡು, ಕೇಳಿಸ್ತಾ ಇದೆಯಾ ಎಂದು ಇಪ್ಪತ್ತೆರಡು ಸಲ ವಿಚಾರಿಸಿ, ಕ್ಯಾಮೆರಾ ಆರಿಸಿ ಕೂತ. ಮೀಟಿಂಗ್ ಮುಗಿದಾಗ ಬೂದು ಚೌಕ ಎಂದಿನಂತೆ ತೆರೆ ತುಂಬಿತು. ಅವನ ಕೂದಲನ್ನು ಯಾರೂ ನೋಡಿರಲಿಲ್ಲ.

ಮಂಗಳವಾರ ನಾಲ್ಕು ಗಂಟೆಗೆ ಕೈಯಲ್ಲಿ ಕೆಲಸವಿರಲಿಲ್ಲ. ಫೋನು ಹಿಡಿದು ಮೆಟ್ಟಿಲ ಹತ್ತಿರ ಹೋದ. ಏನೆಂದು ಹೇಳಿ ಅಕ್ಕನಿಗೆ ಫೋನು ಮಾಡುವುದು? ಯಾವ ನೆಪವೂ ಹೊಳೆಯಲಿಲ್ಲ. ಎರಡು ಸಲ ನಂಬರು ಒತ್ತಿ ಕಡಿದ. ಮೂರನೆಯ ಸಲ, ಆದದ್ದಾಗಲಿ ಎಂದು ಕಡಿಯದೆ ಬಿಟ್ಟ. ಮೊದಲ ರಿಂಗಿಗೇ ಅಕ್ಕ ಎತ್ತಿಕೊಂಡಳು. ಅವಳ ದನಿಗಿಂತ ಮುಂಚೆ ಯಂತ್ರದ ಕಟಕಟ ಕೇಳಿಸಿ, ಆಮೇಲೆ ನಿಂತಿತು. ಅವನ ಬಾಯಿಂದ ಬಂದದ್ದು ರೂಢಿಯ ಮಾತು.

"ಕೇಳಿಸ್ತಾ ಇದೆಯಾ?"

"ಕೇಳಿಸ್ತಿದೆ. ಹೇಳು."

ಕೇಳಿಸ್ತಿದೆ ಎಂಬುದನ್ನು ಹನ್ನೊಂದು ವರ್ಷಗಳಲ್ಲಿ ಸಾವಿರಾರು ಸಲ ಕೇಳಿದ್ದ. ಹೇಳು ಎಂದು ಯಾರೂ ಅಂದಿರಲಿಲ್ಲ. ಅಕ್ಕ ಕಾಯುತ್ತಿದ್ದಳು.

"ಕೂದಲು ಕಟ್ ಮಾಡಿಸ್ಕೊಂಡೆ ಅಕ್ಕಾ" ಎಂದ.