ಟೀಚರ ಹೊಟ್ಟೆಯ ಮೇಲಿನ ಪುಸ್ತಕ

ಟೀಚರು ಉಬ್ಬಿದ ಹೊಟ್ಟೆಗೆ ವಿಜ್ಞಾನದ ಪುಸ್ತಕ ಆನಿಸಿಕೊಂಡು ಪಾಠ ಮಾಡುತ್ತಿದ್ದರು. ಒಳಗಿನ ಮಗು ಒದ್ದಾಗ ಪುಸ್ತಕ ಅಲ್ಲಾಡುತ್ತಿತ್ತು. ಇದನ್ನು ಕಂಡೆನೋ, ಆಮೇಲೆ ಮನಸ್ಸಿನಲ್ಲೇ ಕಟ್ಟಿಕೊಂಡೆನೋ, ಬಹಳ ಕಾಲ ನನಗೆ ಖಚಿತವಿರಲಿಲ್ಲ. ಆಗ ನಾನು ಐದನೆಯ ತರಗತಿ. ಟ್ಯೂಷನ್ ನಡೆಯುತ್ತಿದ್ದ, ಮುಂಬಯಿ ಪಕ್ಕದ ಕಲ್ಯಾಣದ ಆ ಚಾಳು ಈಗಿಲ್ಲ. ಅಮ್ಮ ಬದುಕಿದ್ದಿದ್ದರೆ ಅವಳನ್ನಾದರೂ ಕೇಳುತ್ತಿದ್ದೆ.

ಟೀಚರು ಉಡುಪಿ ಕಡೆಯವರು. ಯಾರೇ ಉತ್ತರ ಹೇಳಲಿ, "ನೀನು ಕಂಡದ್ದಾ, ಕೇಳಿದ್ದಾ?" ಎನ್ನುತ್ತಿದ್ದರು. ಕೇಳಿದ್ದು ಎಂದರೆ ಗೆಣ್ಣಿನ ಮೇಲೆ ಅಡಿಪಟ್ಟಿಯ ಏಟು. ನನ್ನ ಅನುಮಾನದ ಬುದ್ಧಿ ಅವರು ಕೊಟ್ಟದ್ದು. ಗಂಡ ಬೇಗ ತೀರಿಕೊಂಡರು. ಮಗನನ್ನು ಕರೆದುಕೊಂಡು ಡೊಂಬಿವಲಿಗೆ ಬಂದು ಒಬ್ಬರೇ ಬೆಳೆಸಿದರು. ಅವನಿಗೆ ಒಳ್ಳೆಯ ಮಾರ್ಕ್ಸ್ ಬಂದಾಗ ಪೇಡೆ ಹಂಚುತ್ತಾ, "ಎಲ್ಲ ನಾನು ತಿದ್ದಿದ್ದು ಮಾರಾಯ್ರೆ" ಎನ್ನುತ್ತಿದ್ದರು.

ಬೇಲಾಪುರದಲ್ಲಿ ಕೆಲಸ ಸಿಕ್ಕ ಮೇಲೆ ಮಗ, ತನಗೆ ಒಲವಿರುವುದು ಗಂಡಸರ ಮೇಲೆ, ಹುಡುಗಿ ನೋಡುವುದು ಬೇಡ ಎಂದ. ಸುದ್ದಿ ಬಿಲ್ಡಿಂಗಿಗೆಲ್ಲ ಹಬ್ಬಿತು. ಎದುರು ಮನೆಯ ಮರಾಠಿ ಹೆಂಗಸು, ಎಲ್ಲರ ಕಾಕು, ಮೆಟ್ಟಿಲ ಮೇಲೆ ನಿಂತು, ಕೇಳಿಸಲೆಂದೇ, "ಆಯಿನೇಚ್ ಬಿಘಡವ್ಲಾ" ಎಂದರು. ತಾಯಿಯೇ ಕೆಡಿಸಿದಳು ಎಂಬ ಆ ಮಾತು ಟೀಚರಿಗೆ ನಾಟಿತು.

ಮರುದಿನ ನನ್ನನ್ನು ಕರೆಸಿದರು. ಮಗ ಶೂ ಬಿಚ್ಚದೆ ಕೂತಿದ್ದ.

"ಯುನಿವರ್ಸಿಟಿಯಲ್ಲಿ ಓದಿದವ ನೀನು. ಹೇಳು, ಇದು ಹುಟ್ಟಿನಿಂದ ಬರುವುದಾ, ಸಾಕಿದ್ದರಿಂದಲಾ?"

ಇಬ್ಬರಿಗೂ ಸಮಾಧಾನವಾಗಲಿ ಎಂದು, ಓದಿ ತಿಳಿದದ್ದನ್ನೇ ಹೇಳಿದೆ. "ಸಾಕಿದ್ದರಿಂದ ಅನ್ನುವುದಕ್ಕೆ ಆಧಾರ ಇಲ್ಲ ಟೀಚರ್. ಬಹುಮಟ್ಟಿಗೆ ಹುಟ್ಟಿನಿಂದಲೇ ಇರಬೇಕು. ಪೂರ್ತಿ ಯಾರಿಗೂ ಗೊತ್ತಿಲ್ಲ."

ಟೀಚರು ನಕ್ಕು ಮಗನ ಕಡೆ ತಿರುಗಿದರು. "ಕೇಳಿದಿಯಾ? ಹುಟ್ಟಿನಿಂದ. ಹಾಗಾದ್ರೆ ನನ್ನ ತಲೆಗೆ ಕಟ್ಟಬೇಡ. ನಿನ್ನನ್ನು ಹೆತ್ತದ್ದು ನಾನಲ್ಲ, ಶಹಾಡಿನಲ್ಲಿರುವ ನನ್ನ ತಂಗಿ. ಕಾಗದದಲ್ಲಿ ನನ್ನ ಹೆಸರು ಹಾಕಿಸಿದ್ದು ಅಷ್ಟೆ."

"ಕುಛ್ ಭೀ, ಅಮ್ಮಾ." ಬಾಯಿಗೆ ಬಂದದ್ದು ಹೇಳಬೇಡ ಎಂದು ಮಗ ರೇಗಿದ. "ಔರ್ ಮೇರೇ ಮಾರ್ಕ್ಸ್?"

"ಅದು ನಾನು ಕಲಿಸಿದ್ದು."

"ಔರ್ ಯೇ?"

"ಇದು ಅವಳ ರಕ್ತ. ಅಲ್ಲಿಗೇ ಹೋಗು."

ಅಲ್ಲಾಡುವ ಪುಸ್ತಕ ನನ್ನ ಕಣ್ಣ ಮುಂದೆ ಬಂತು. "ಟೀಚರ್, ನೀವು ಬಸುರಿಯಾಗಿದ್ದ ನೆನಪು ನನಗೆ..."

"ನೆನಪಾ? ಕಂಡದ್ದಾ?"

ನಾನು ಗೆಣ್ಣು ಸವರಿಕೊಂಡೆ.

ಮಗ ಬ್ಯಾಗು ಹಿಡಿದು ಶಹಾಡಿಗೆ ಹೋದ. ಮಕ್ಕಳಿಲ್ಲದ ಆ ತಂಗಿ ಅಕ್ಕನ ಮಾತನ್ನು ಅಲ್ಲಗಳೆಯದೆ ಅವನನ್ನು ಒಳಗೆ ಕರೆದುಕೊಂಡರು. ಅವನು ಅವರನ್ನು ಅಮ್ಮ ಎನ್ನತೊಡಗಿದ. ಇದನ್ನು ನಾನು ತಿಳಿಸಿದಾಗ ಟೀಚರು, "ಆಯ್ತಲ್ಲ, ಕರೀಲಿ" ಎಂದು ಮುಂದಿನ ಬ್ಯಾಚಿನ ಮಕ್ಕಳನ್ನು ಒಳಗೆ ಬಿಟ್ಟುಕೊಂಡರು.

ಹೋದ ವರ್ಷ ಟೀಚರು ತೀರಿಕೊಂಡರು. ಕೊಳ್ಳಿ ಇಟ್ಟದ್ದು ಗಂಡನ ಕಡೆಯ ಯಾರೋ. ಮಗ ಹಿಂದಿನ ಸಾಲಿನಲ್ಲಿ ನಿಂತಿದ್ದ. ಪಕ್ಕದವರು ಸಂಬಂಧ ಕೇಳಿದಾಗ, ದೊಡ್ಡಮ್ಮ ಎಂದ.

ಮರುವಾರ, ಅವನು ಆಫೀಸಿಗೆ ಹೋದ ಹೊತ್ತು ನೋಡಿ, ಶಹಾಡಿಗೆ ಹೋಗಿ ಆ ತಂಗಿಯನ್ನು ಕೇಳಿದೆ. ಅವರು ಮೊದಲು ನನ್ನನ್ನು ಒಳಗೆ ಕರೆದು ಬಾಗಿಲು ಮುಚ್ಚಿದರು.

"ಅವನಿಗೆ ಹೇಳಬೇಡ, ನಿನ್ನ ಕಾಲಿಗೆ ಬೀಳ್ತೇನೆ. ಹೆತ್ತದ್ದು ಅಕ್ಕನೇ. ವಿಠ್ಠಲವಾಡಿಯ ಆಸ್ಪತ್ರೆಯಲ್ಲಿ. ಜೊತೆಗಿದ್ದದ್ದು ನಾನು."