ಪಾತ್ರೆ ತೂಗಿ ಷೇರು ಕೊಳ್ಳುವ ಕಿಟ್ಟಣ್ಣ ಮಾವ

ಮೊದಲು ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಕೋಳಿ ಕೆದಕಿದ ಹಾಗಿದೆ. ಎಂಟನೆಯ ಕ್ಲಾಸಿಗೇ ಸ್ಕೂಲು ಬಿಟ್ಟವಳು, ಅದೂ ತಮಿಳು ಸ್ಕೂಲು. ಹಾಗಾಗಿ ಕನ್ನಡದ ಮಾತುಗಳೂ ಅಷ್ಟಕ್ಕಷ್ಟೆ. ನಮ್ಮ ಕನ್ನಡ ಸಂಘದ ಕೈಬರಹದ ಪತ್ರಿಕೆಗೆ ಗೊತ್ತಿರುವ ಒಬ್ಬರ ಬಗ್ಗೆ ಬರೆಯಲು ಹೇಳಿದರು. ನನಗೆ ಗೊತ್ತಿರುವುದು ಕಿಟ್ಟಣ್ಣ ಮಾವ, ಅಮ್ಮನ ತಮ್ಮ.

ಮಾವ ಚಿಕ್ಕಂದಿನಲ್ಲೇ ಕುಂದಾಪುರದ ಕಡೆಯಿಂದ ಮದರಾಸಿಗೆ ಬಂದವರು. ತಟ್ಟೆ ತೊಳೆದು, ದೋಸೆಕಲ್ಲಿನ ಮುಂದೆ ನಿಂತು, ಈಗ ನುಂಗಂಬಾಕ್ಕಂನ ಹೋಟೆಲೊಂದರಲ್ಲಿ ದೊಡ್ಡ ಅಡುಗೆಯವರಾಗಿದ್ದಾರೆ. ಸ್ವಂತದ್ದೊಂದು ಸಣ್ಣ ಹೋಟೆಲು ಇಡಬೇಕೆಂದು ಹಣ ಕೂಡಿಟ್ಟಿದ್ದಾರೆ. ಅದು ಬ್ಯಾಂಕಿನಲ್ಲಿ ನಿದ್ದೆ ಮಾಡುತ್ತಿದೆ ಎಂದು ಹೋಟೆಲಿನ ಗಿರಾಕಿ, ವಿಮಾ ಆಫೀಸಿನ ಶಂಕರನಾರಾಯಣರು ಕಾಫಿ ಕುಡಿಯುತ್ತ ಹೇಳಿದ್ದೇ ತಡ, ಮಾವನಿಗೆ ಷೇರಿನ ಹುಚ್ಚು ಹಿಡಿಯಿತು. ಹಣ ಮುಳುಗಿದರೆ ಮಾವ ಮುದುಕರಾಗುವವರೆಗೂ ಬೇರೆಯವರ ಒಲೆಯ ಮುಂದೆಯೇ ನಿಲ್ಲಬೇಕು.

ಮಾವನ ಬಳಗದಲ್ಲಿ ಹೋಟೆಲು ಕೊಳ್ಳುವಾಗ ಯಾರೂ ಗಿರಾಕಿಗಳ ಗದ್ದಲಕ್ಕೆ ಮರುಳಾಗುವುದಿಲ್ಲ. ತಾಮ್ರ, ಹಿತ್ತಾಳೆಯ ಪಾತ್ರೆಗಳನ್ನು ತಕ್ಕಡಿಗೆ ಹಾಕುತ್ತಾರೆ, ಮೇಜು ಕುರ್ಚಿಗೆ ಬೆಲೆ ಕಟ್ಟುತ್ತಾರೆ, ಹಾಲಿನವನ ಬಾಕಿ ಕಳೆಯುತ್ತಾರೆ. ಉಳಿದದ್ದಕ್ಕಿಂತ ಕಡಿಮೆಗೆ ಸಿಕ್ಕಿದರೆ ಮಾತ್ರ ವ್ಯಾಪಾರ. ಕಂಪನಿಗೂ ಅದೇ ಲೆಕ್ಕ ಎಂದು ಮಾವ ತೀರ್ಮಾನಿಸಿದರು.

ಎರಡು ಕಂಪನಿಗಳ ಇಂಗ್ಲಿಷ್ ವರದಿ ತಂದು ನನ್ನ ಮುಂದಿಟ್ಟರು. ನಾನು ಡಿಕ್ಷನರಿ ಹಿಡಿದು, ಕೂಡಿದ್ದನ್ನೇ ಮತ್ತೆ ಕೂಡಿ ನೋಡಿದೆ. ಎಲ್ಲರೂ ಹೊಗಳುವ ಫ್ಯಾನ್ ಕಂಪನಿಯ ಆಸ್ತಿಯಲ್ಲಿ ಸಾಲ ಕಳೆದರೆ ಷೇರಿಗೆ ಹನ್ನೊಂದು ರೂಪಾಯಿ. ಪೇಟೆಯಲ್ಲಿ ಬೆಲೆ ಮೂವತ್ತು. ತಿರುವೊಟ್ಟಿಯೂರಿನಲ್ಲಿ ತಗಡಿನ ಡಬ್ಬಿ ಮಾಡುವ ಕಂಪನಿಯದು ಷೇರಿಗೆ ಹದಿನೆಂಟು; ಪೇಟೆಯಲ್ಲಿ ಹನ್ನೆರಡಕ್ಕೇ ಸಿಗುತ್ತದೆ. ಲಾಭವನ್ನೂ ತಪ್ಪದೆ ಹಂಚಿದೆ.

"ಹಾಗಾದ್ರೆ ಡಬ್ಬಿಯೇ!" ಎಂದರು ಮಾವ.

ಆದರೆ ಷೇರುದಾರರ ಸಭೆಗೆ ಹೋಗಿ ನೋಡಲೆಂದು ಎರಡರಲ್ಲೂ ಒಂದೊಂದು ಷೇರು ಕೊಂಡಿದ್ದರು, ಅಲ್ಲಿಂದ ಕಥೆ ಕೆಟ್ಟಿತು. ಡಬ್ಬಿಯವರ ಸಭೆಯಿಂದ ಮಾವ ಕೆಂಡವಾಗಿ ಬಂದರು.

"ಅರ್ಧ ಲೋಟ ಕಾಫಿ! ಅದೂ ಬರೀ ಚಿಕೋರಿ. ಒಂದು ಬೋಂಡಾ ಬೇಡ್ವಾ? ದರಿದ್ರದವರು!"

ಮರುವಾರ ಫ್ಯಾನಿನವರ ಸಭೆಯಿಂದ ಕುಣಿಯುತ್ತ ಬಂದರು.

"ಗೋಡಂಬಿ ನಡುವೆ ಕೇಸರಿಬಾತು ಎಲ್ಲುಂಟು ಅಂತ ಹುಡುಕ್ಬೇಕು, ಮಾರಾಯ್ತಿ! ತುಪ್ಪ ಮೊಣಕೈಗೆ ಇಳೀತು. ಅಂಥ ಕಂಪನಿ ಮುಳುಗ್ತದಾ? ಎಲ್ಲ ದುಡ್ಡೂ ಫ್ಯಾನಿಗೇ."

ಮಾವನ ಹೆಂಡತಿ ಅಮ್ಮಣ್ಣಿ ಅತ್ತೆ ಬೀನ್ಸಿನ ನಾರು ತೆಗೆಯುತ್ತಿದ್ದರು. ತಲೆ ಎತ್ತಲಿಲ್ಲ.

"ತುಪ್ಪ ಯಾರ ದುಡ್ಡಿಂದು?"

"ಕಂಪನಿದು."

"ಕಂಪನಿ ಯಾರ್ದು?"

ಮಾವ ಸ್ವಲ್ಪ ತಡವರಿಸಿದರು. "ಷೇರು ಇದ್ದವರದ್ದು... ನಮ್ದೇ."

"ಅಪ್ಪಡಿ, ಹಾಗೆ ಹೇಳಿ! ನಿಮ್ಮ ಗೋಡಂಬಿ ನಿಮಗೇ ತಿನ್ಸಿ ಕಳ್ಸಿದ್ದಾರೆ. ನೀವು ಬಾಯಿ ಒರೆಸ್ಕೊಂಡು ಬಂದಿದ್ದೀರಿ."

"ನಿಂಗೆ ರುಚಿ ಗೊತ್ತಿಲ್ಲ, ಸುಮ್ನಿರು!"

ನಾನು ಸಾಮಾನ್ಯವಾಗಿ ದೊಡ್ಡವರ ನಡುವೆ ಬಾಯಿ ಹಾಕುವವಳಲ್ಲ. ಆದರೆ ಆ ಹಣ ಏನಕ್ಕೆಂದು ನನಗೆ ಗೊತ್ತಿತ್ತು. ನೆಲ ನೋಡುತ್ತಲೇ ಕೇಳಿದೆ: "ಮಾವ, ಹೋಟೆಲು ತಗೊಳ್ಳುವಾಗ ಮಾರುವವರು ಕೊಟ್ಟ ಕಾಫಿಯನ್ನೂ ತಕ್ಕಡಿಗೆ ಹಾಕ್ತಾರಾ?"

ಮಾವ ನನ್ನನ್ನೇ ದಿಟ್ಟಿಸಿದರು. ಬೈಗುಳ ಬಂತೆಂದುಕೊಂಡೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಮಾತೇ ಆಡದ ಕೂಸು! ಆಡಿದ್ದು ನೋಡು!"

ಆದರೂ ರುಚಿ ನೋಡಿಯೇ ಬದುಕಿದ ಮನುಷ್ಯ. ಆ ಚಿಕೋರಿ ಕಾಫಿಯನ್ನು ನುಂಗುವುದು ಅವರಿಗೆ ಸುಲಭವಾಗಿರಲಿಲ್ಲ. ಕೊನೆಗೆ ವರದಿಗಳನ್ನು ಮತ್ತೊಮ್ಮೆ ಓದಿಸಿಕೊಂಡು, ಅರ್ಧ ಹಣಕ್ಕೆ ಡಬ್ಬಿ ಕಂಪನಿಯ ಷೇರು ಎಂದರು. ಇನ್ನರ್ಧ ಬ್ಯಾಂಕಿನಲ್ಲೇ ಇರಲಿ. ಒಳ್ಳೆಯ ಪಾತ್ರೆಯ ತಳದಲ್ಲೂ ಕಾಣದ ತೂತು ಇರಬಹುದಂತೆ.

ಸೋಮವಾರ ಮಾವನ ಜೊತೆ ಬ್ರೋಕರರ ಆಫೀಸಿಗೆ ಹೋಗಿ, ಅಲ್ಲಿ ಇಂಗ್ಲಿಷಿನಲ್ಲಿ ಇರುವುದನ್ನೆಲ್ಲ ಅವರಿಗೆ ನಿಧಾನವಾಗಿ ಓದಿ ಹೇಳುತ್ತೇನೆ.